ದೇವರಾಜ ಮಾರುಕಟ್ಟೆ: ಕೆಡವಿ ಅದೇ ಥರ ಕಟ್ಟಿದರೆ ಅದು ಅದೇನಾ?

ಮೈಸೂರಿನ ದೇವರಾಜ ಮಾರುಕಟ್ಟೆ ಬಗ್ಗೆ ವರ್ಷಕ್ಕೆ ಒಂದೆರಡು ಸಲವಾದರೂ ಸುದ್ದಿ ಬರುತ್ತದೆ. ಪಾರಂಪರಿಕ ಕಟ್ಟಡವನ್ನು ಕೆಡವುತ್ತಾರಂತೆ, ಕೆಡವಿ ಅದೇ ಪಾರಂಪರಿಕ ಶೈಲಿಯಲ್ಲಿ ಮತ್ತೆ ಕಟ್ಟುತ್ತಾರಂತೆ. ಓದಿದವರಿಗೆ ತಲೆ ಕೆರೆದುಕೊಳ್ಳುವ ಹಾಗಾಗುತ್ತದೆ. ಪಾರಂಪರಿಕ ಅಂದಮೇಲೆ ಕೆಡವುವುದು ಹೇಗೆ? ಕೆಡವಿದ ಮೇಲೆ ಅದು ಪಾರಂಪರಿಕ ಹೇಗೆ? ತಜ್ಞರೇ ಬೀಳಿಸಿ ಅಂದರು ಅಂತ ಒಂದು ಕಡೆ ಓದುತ್ತೇವೆ, ತಜ್ಞರೇ ಉಳಿಸಬಹುದು ಅಂದರು ಅಂತ ಇನ್ನೊಂದು ಕಡೆ. ಎರಡೂ ನಿಜ, ತಮಾಷೆ ಅಂದರೆ ಅದೇ.

ಈ ಗೊಂದಲ ಮೈಸೂರಿಗೆ ಮಾತ್ರ ಸೇರಿದ್ದಲ್ಲ. ನೂರು ವರ್ಷ ದಾಟಿದ ಶಾಲೆ, ಆಸ್ಪತ್ರೆ, ತಾಲ್ಲೂಕು ಕಚೇರಿ ಇರುವ ಎಲ್ಲ ಊರಲ್ಲೂ ಇವತ್ತಲ್ಲ ನಾಳೆ ಇದೇ ಜಗಳ ಬರುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಬಿಡಿಸಿ ನೋಡೋಣ.

ಇಲ್ಲಿಯವರೆಗೆ ಆಗಿದ್ದೇನು

ದೇವರಾಜ ಮಾರುಕಟ್ಟೆ ಈಗಿನ ರೂಪಕ್ಕೆ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ, ಹತ್ತನೇ ಚಾಮರಾಜ ಒಡೆಯರ್ ಕಾಲದಲ್ಲಿ. ಒಂದು ಕಡೆ ಸಯ್ಯಾಜಿರಾವ್ ರಸ್ತೆ, ಇನ್ನೊಂದು ಕಡೆ ಧನ್ವಂತರಿ ರಸ್ತೆ, ದಕ್ಷಿಣಕ್ಕೆ ಚಿಕ್ಕ ಗಡಿಯಾರ. ಮೂರು ಎಕರೆಗೂ ಜಾಸ್ತಿ ಜಾಗ, ಎಂಟುನೂರಕ್ಕೂ ಹೆಚ್ಚು ಮಳಿಗೆ. ಹೊರಗೆ ರಸ್ತೆಗೆ ಮುಖ ಮಾಡಿದ ಅಂಗಡಿಗಳ ಸಾಲು, ಒಳಗೆ ಹೂವು, ವೀಳ್ಯದೆಲೆ, ಬಾಳೆಹಣ್ಣು, ಗೋಪುರದ ಹಾಗೆ ಒಟ್ಟಿದ ಕುಂಕುಮ. ದಸರಾ ಜಂಬೂ ಸವಾರಿ ಹೋಗುವುದು ಇದರ ಪಕ್ಕದಲ್ಲೇ.

ಕೂಗಳತೆ ದೂರದಲ್ಲಿ ಲ್ಯಾನ್ಸ್‌ಡೌನ್ ಕಟ್ಟಡ. 1892ರಲ್ಲಿ ವೈಸ್‌ರಾಯ್ ಲಾರ್ಡ್ ಲ್ಯಾನ್ಸ್‌ಡೌನ್ ಮೈಸೂರಿಗೆ ಬಂದದ್ದರ ನೆನಪಿಗೆ ಕಟ್ಟಿದ್ದು. ಹಳೆ ಪುಸ್ತಕ ಹುಡುಕುವವರಿಗೆ ಅದರ ಕೆಳಗಿನ ಅಂಗಡಿಗಳು ಚೆನ್ನಾಗಿ ಗೊತ್ತು.

2012ರ ಆಗಸ್ಟ್‌ನಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿಯಿತು. ನಾಲ್ಕು ಜನ ಸತ್ತರು. ಮಳಿಗೆಗಳನ್ನು ಖಾಲಿ ಮಾಡಿಸಿದರು, ಹತ್ತು ವರ್ಷ ಕಳೆದರೂ ಅವು ತೆರೆಯಲಿಲ್ಲ. 2016ರ ಆಗಸ್ಟ್ 28, ಒಂದು ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರದ ಬಾಗಿಲಿನ ಕಡೆಯ ಭಾಗ ಬಿತ್ತು. ಅದು ಬಿದ್ದಿದ್ದು ದುರಸ್ತಿ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಲ್ಲಿಂದ ವರದಿ ಮೇಲೆ ವರದಿ, ಸಮಿತಿ ಮೇಲೆ ಸಮಿತಿ. ಪಾಲಿಕೆ ಮತ್ತು ಸರ್ಕಾರ ಕೆಡವಿ ಕಟ್ಟುವ ದಾರಿ ಹಿಡಿದವು. ಪರಂಪರೆ ಉಳಿಸಲು ಕೆಲಸ ಮಾಡುವ ಇನ್‌ಟ್ಯಾಕ್ ಸಂಸ್ಥೆ ರಿಪೇರಿ ಸಾಧ್ಯ ಅಂದಿತು. ಪ್ರಮೋದಾದೇವಿ ಒಡೆಯರ್ ಅವರೂ ಕೆಡವುವುದು ಬೇಡ ಅಂತಲೇ ಹೇಳುತ್ತಾ ಬಂದರು. ವಿಷಯ ಹೈಕೋರ್ಟಿಗೆ ಹೋಯಿತು. 2023ರಲ್ಲಿ ಹೈಕೋರ್ಟ್ ವಿಭಾಗೀಯ ಪೀಠ, ಕೆಡವುವುದನ್ನು ಪ್ರಶ್ನಿಸಿದ್ದ ಅರ್ಜಿಗಳನ್ನು ವಜಾ ಮಾಡಿ, ಸಮಿತಿ ಹೇಳಿದಂತೆ ಮರುನಿರ್ಮಾಣದ ದಾರಿಯನ್ನೇ ಒಪ್ಪಿಕೊಂಡಿತು. ಅಷ್ಟಾದರೂ ಜಗಳ ನಿಲ್ಲಲಿಲ್ಲ.

ಪಟ್ಟಿಯಲ್ಲಿದೆ ಅಂದರೆ ಮುಟ್ಟಬಾರದು ಅಂತಲ್ಲ

ಇಲ್ಲಿ ಎರಡು ಬೇರೆ ಬೇರೆ ಕಾನೂನುಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಕೇಂದ್ರ ಪುರಾತತ್ವ ಇಲಾಖೆ ಕೈಯಲ್ಲಿರುವ ಸ್ಮಾರಕಗಳಿಗೆ 1958ರ ಕಾಯ್ದೆ. ಶ್ರೀರಂಗಪಟ್ಟಣದ ದರಿಯಾ ದೌಲತ್, ಸೋಮನಾಥಪುರದ ದೇವಸ್ಥಾನ, ಇಂಥವು. ಅಲ್ಲಿ ಒಂದು ಮೊಳೆ ಹೊಡೆಯುವುದೂ ಕಷ್ಟ. ಸುತ್ತ 100 ಮೀಟರ್‌ನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ ಇನ್ನೂ 200 ಮೀಟರ್ ನಿರ್ಬಂಧ.

ದೇವರಾಜ ಮಾರುಕಟ್ಟೆ ಆ ಜಾತಿಗೆ ಸೇರಿದ್ದಲ್ಲ. ಮೈಸೂರಿನಲ್ಲಿ ಸುಮಾರು 130 ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆ. ಇವು ಹೆಚ್ಚಾಗಿ ನಗರ ಯೋಜನೆ ಕಾನೂನಿನ ಲೆಕ್ಕಕ್ಕೆ ಬರುತ್ತವೆ. ಇಲ್ಲಿ ಆಲೋಚನೆಯೇ ಬೇರೆ. ಕಟ್ಟಡ ಬಳಕೆಯಲ್ಲಿರಲಿ, ಬದಲಾವಣೆ ಬೇಕಿದ್ದರೆ ಆಗಲಿ, ಆದರೆ ಕೇಳಿ ಮಾಡಿ, ಅನ್ನುವ ಆಲೋಚನೆ. 1995ರಲ್ಲಿ ಮುಂಬೈ ಇಂಥ ನಿಯಮ ತಂದಿತು. ಒಂದನೇ ದರ್ಜೆಯ ಕಟ್ಟಡಕ್ಕೆ ಹೆಚ್ಚು ಬಿಗಿ, ಮೂರನೇ ದರ್ಜೆಗೆ ಕಡಿಮೆ. ಇಂಗ್ಲೆಂಡಿನಲ್ಲಿ ಸುಮಾರು 4 ಲಕ್ಷ ದಾಖಲೆಗಳ ಇಂಥ ಪಟ್ಟಿ ಇದೆ, ಅದರಲ್ಲಿ ಪಬ್ಬು, ಶಾಲೆ, ಜನ ವಾಸ ಇರುವ ಮನೆ ಎಲ್ಲವೂ ಸೇರಿವೆ. ಅವರೇನು 4 ಲಕ್ಷ ಮ್ಯೂಸಿಯಂ ಇಟ್ಟುಕೊಂಡಿಲ್ಲ.

ಸರಿ, ಹಾಗಾದರೆ ಪಟ್ಟಿಯಲ್ಲಿ ಹೆಸರು ಇದ್ದರೆ ಸಿಗುವುದೇನು? ಕೇಳಿ ಮಾಡಬೇಕು ಅನ್ನುವ ರಕ್ಷಣೆ ಸಿಗುತ್ತದೆ. ವರ್ಷಕ್ಕೆ ಇಷ್ಟು ದುಡ್ಡು ಅಂತ ಸಿಗುವುದಿಲ್ಲ. ಮನೆ ಬೀಳಿಸಬೇಡ ಅಂತ ನೋಟಿಸ್ ಕೊಟ್ಟು, ಹೆಂಚು ಬದಲಿಸಲು ಕಾಸು ಕೊಡದಿದ್ದರೆ ಏನಾಗುತ್ತದೆ? ಮನೆ ತಾನೇ ಬೀಳುತ್ತದೆ. ಖಾಸಗಿ ಬಂಗಲೆಗಳಿಗೆ ಆಗುತ್ತಿರುವುದು ಇದೇ. ಆದರೆ ಸರ್ಕಾರಿ ಕಟ್ಟಡಗಳಿಗೂ ಇದೇ ಗತಿ ಅನ್ನುವುದು ವಿಚಿತ್ರ, ಯಾಕೆಂದರೆ ಅಲ್ಲಿ ನೋಟಿಸ್ ಕೊಡುವವನೂ ಮಾಲೀಕನೂ ಒಬ್ಬನೇ.

ತಾರಸಿಯಿಂದ ಶುರುವಾಗುವ ಕಥೆ

ಇಂಥ ಕಟ್ಟಡ ಬಿದ್ದಾಗ ಮೊದಲು ಬರುವ ಮಾತು, ವಯಸ್ಸಾಗಿತ್ತು ಬಿಡಿ. ಅಷ್ಟು ಸುಲಭ ಅಲ್ಲ. ಆ ಕಾಲದ ಮೈಸೂರಿನ ಸರ್ಕಾರಿ ಕಟ್ಟಡಗಳು ಹೇಗೆ ನಿಂತಿವೆ ಅಂತ ಹತ್ತಿರದಿಂದ ನೋಡಿದರೆ, ಹೇಗೆ ಬೀಳುತ್ತವೆ ಅಂತಲೂ ಗೊತ್ತಾಗುತ್ತದೆ.

ಗೋಡೆ ಇಟ್ಟಿಗೆಯದು, ನಡುವೆ ಸುಣ್ಣದ ಗಾರೆ. ಮೇಲೆ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ, ತೊಲೆ ಮೇಲೆ ಜಂತೆ, ಅದರ ಮೇಲೆ ಅಂಗೈ ಅಗಲದ ತೆಳು ಇಟ್ಟಿಗೆಗಳನ್ನು ಅಡ್ಡ ನಿಲ್ಲಿಸಿ, ಓರೆಯಾಗಿ, ಗಾರೆ ಹಚ್ಚಿ ಒಂದಕ್ಕೊಂದು ಒತ್ತಿ ಕೂರಿಸುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣ ಕಲಸಿದ ಒಂದು ಪದರ. ಆ ಪದರವನ್ನು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯಬೇಕು. ಬಡಿಯುತ್ತಾ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಿರಬೇಕು. ಹಲಗೆ ಏಟಿಗೆ ಸದ್ದು ಟಣ್ ಅನ್ನುವವರೆಗೂ ಬಿಡುವ ಹಾಗಿಲ್ಲ. ಆಮೇಲೆ ಚಪ್ಪಟೆ ಬಿಲ್ಲೆ ಹಾಸುತ್ತಾರೆ. ಹೀಗೆ ಮಾಡಿದ ತಾರಸಿ ನೂರು ವರ್ಷ ಬಾಳುತ್ತದೆ, ಒಂದೇ ಒಂದು ಷರತ್ತಿನ ಮೇಲೆ: ಅದರ ಮೇಲೆ ನೀರು ನಿಲ್ಲಬಾರದು.

ಈಗ ತೂಬಿನ ಬಾಯಿಗೆ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡಿತು ಅನ್ನಿ. ಮಳೆಗಾಲದಲ್ಲಿ ಮೂಲೆಯಲ್ಲಿ ನೀರು ನಿಂತಿತು. ಅಲ್ಲೊಂದು ಅರಳಿ ಗಿಡ ಹುಟ್ಟಿತು, ಬೇರು ಗಾರೆಯ ಸಂದಿಗೆ ಇಳಿಯಿತು. ನೀರು ಆ ದಾರಿಯಲ್ಲೇ ಇಳಿದು ತೊಲೆಯ ತುದಿಗೆ ತಲುಪಿತು. ತೊಲೆಯ ತುದಿ ಗೋಡೆಯೊಳಗೆ ಹೂತಿರುವುದರಿಂದ ಅಲ್ಲಿ ಗಾಳಿ ಆಡುವುದಿಲ್ಲ, ಅದೇ ಮೊದಲು ಕೊಳೆಯುತ್ತದೆ. ಕೆಳಗೆ ನಿಂತು ನೋಡಿದರೆ ತೊಲೆ ಗಟ್ಟಿಯಾಗೇ ಕಾಣುತ್ತದೆ. ಕೊಳೆತಿರುವುದು ಕಣ್ಣಿಗೆ ಕಾಣದ ಕಡೆ, ಅದೂ ಒಂದು ಮೊಳದಷ್ಟು ಮಾತ್ರ. ಒಂದು ದಿನ ತೊಲೆ ಜಾರುತ್ತದೆ, ಅದರ ಜೊತೆ ಮೇಲಿನ ಅಷ್ಟೂ ಭಾರ.

ಇದರ ಮೇಲೆ ನಮ್ಮ ರಿಪೇರಿಗಳು. ಗೋಡೆ ಒದ್ದೆ ಕಾಣಿಸಿತು ಅಂತ ಸಿಮೆಂಟ್ ಬಳಿಯುತ್ತೇವೆ. ಗಾರೆ ಗೋಡೆ ಉಸಿರಾಡುವ ಗೋಡೆ, ಹೀರಿಕೊಂಡ ತೇವವನ್ನು ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಉಳಿದು, ಉಪ್ಪು ಕಟ್ಟಿ, ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಹೊರಗಿನಿಂದ ನುಣ್ಣಗೆ, ಒಳಗೆ ಹಿಟ್ಟು. ಷಟರ್ ಕೂರಿಸಲು ಗೋಡೆ ಕೊರೆಯುವುದು, ಸಾಮಾನಿಡಲು ಅಟ್ಟ ಕಟ್ಟುವುದು, ತಾರಸಿ ಮೇಲೆ ನೀರಿನ ಟ್ಯಾಂಕ್, ಜಾಹೀರಾತು ಬೋರ್ಡಿಗೆ ಕಬ್ಬಿಣದ ಚೌಕಟ್ಟು, ಇವೆಲ್ಲ ಹಳೆ ವಾಣಿಜ್ಯ ಕಟ್ಟಡಗಳಲ್ಲಿ ಎಲ್ಲೆಲ್ಲೂ ಕಾಣುವ ಸಂಗತಿ. ಒಂದೊಂದೇ ನೋಡಿದರೆ ಸಣ್ಣದು.

ಅಂದರೆ ಕಟ್ಟಡ ಮುದಿಯಾಗಿ ಸಾಯುವುದು ಕಡಿಮೆ. ಔಷಧಿ ಇಲ್ಲದೆ, ಇಲ್ಲವೇ ತಪ್ಪು ಔಷಧಿಯಿಂದ ಸಾಯುವುದೇ ಜಾಸ್ತಿ. ಹಳೆ ಗಾರೆ ಗೋಡೆಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಕಮಾನು ಪಕ್ಕದ ಕಮಾನಿಗೆ ಆತುಕೊಂಡಿರುತ್ತದೆ. ಸರಿಯಾಗಿ ಆಸರೆ ಕೊಡದೆ ಒಂದನ್ನು ಬಿಚ್ಚಿದರೆ ಪಕ್ಕದ್ದೂ ಸಡಿಲವಾಗುತ್ತದೆ. ಹಾಗಾಗಿ ದುರಸ್ತಿ ನಡೆಯುವಾಗಲೇ ಕಟ್ಟಡ ಬಿದ್ದರೆ ಆಶ್ಚರ್ಯಪಡುವಂಥದ್ದೇನಿಲ್ಲ. ಅಂಥ ಕುಸಿತವನ್ನು ಕಟ್ಟಡದ ವಯಸ್ಸಿನ ಲೆಕ್ಕಕ್ಕೆ ಮಾತ್ರ ಬರೆದುಬಿಡುವುದು ಸರಿಯಲ್ಲ.

ಒಂದೇ ಗೋಡೆ, ಎರಡು ವರದಿ

ತಜ್ಞರು ಯಾಕೆ ಒಪ್ಪುವುದಿಲ್ಲ? ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಅಂದುಕೊಳ್ಳುವ ಅಗತ್ಯ ಇಲ್ಲ. ಅವರಿಗೆ ಕೇಳಿದ ಪ್ರಶ್ನೆಯೇ ಬೇರೆ ಬೇರೆ.

ಈ ಕಟ್ಟಡ ಇವತ್ತಿನ ಸಾರ್ವಜನಿಕ ಕಟ್ಟಡದ ಮಾನದಂಡಕ್ಕೆ ಸರಿಹೊಂದುತ್ತದಾ ಅಂತ ಕೇಳಿದರೆ, ಕಾಂಕ್ರೀಟು ಉಕ್ಕಿನ ಲೆಕ್ಕದಲ್ಲಿ ಪಳಗಿದ ಎಂಜಿನಿಯರ್ ಇಲ್ಲ ಅನ್ನುತ್ತಾರೆ. ಅದು ಸಹಜ. ಸುಣ್ಣದ ಗಾರೆಯ ಬಲ ಸಿಮೆಂಟಿನ ಮುಂದೆ ಎಲ್ಲಿ ನಿಲ್ಲುತ್ತದೆ? ಆದರೆ ಗಾರೆ ಗೋಡೆ ನಿಲ್ಲುವುದು ಗಾರೆಯ ಬಲದಿಂದಲ್ಲ, ಗೋಡೆಯ ದಪ್ಪದಿಂದ ಮತ್ತು ಭಾರದಿಂದ. ಈ ಕಟ್ಟಡವನ್ನು ರಿಪೇರಿ ಮಾಡಿ ಇದೇ ಬಳಕೆಗೆ ಭದ್ರ ಮಾಡಬಹುದಾ ಅಂತ ಕೇಳಿದರೆ, ಸಂರಕ್ಷಣೆಯಲ್ಲಿ ಪಳಗಿದವರು ಹೌದು ಅನ್ನುತ್ತಾರೆ. ಅವರು ಕೊಳೆತ ತೊಲೆಗಳನ್ನು ಎಣಿಸುತ್ತಾರೆ, ಬಿರುಕು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ಅಂತ ಅದರ ಮೇಲೆ ಗುರುತು ಪಟ್ಟಿ ಅಂಟಿಸಿ ತಿಂಗಳುಗಟ್ಟಲೆ ನೋಡುತ್ತಾರೆ.

ಇನ್ನೊಂದು ವ್ಯತ್ಯಾಸ ಹೊಣೆಯದು. ಉಳಿಸಿ ಅಂತ ಸಹಿ ಹಾಕಿದ ಮೇಲೆ ಬಿದ್ದರೆ ಸಹಿ ಹಾಕಿದವರ ಕುತ್ತಿಗೆಗೆ ಬರುತ್ತದೆ. ಕೆಡವಿ ಅಂತ ಸಹಿ ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ನಾಲ್ಕು ಜೀವ ಹೋದ ಊರಲ್ಲಿ ಅಧಿಕಾರಿಗಳು ಯಾವ ಕಡೆ ವಾಲುತ್ತಾರೆ ಅಂತ ಊಹಿಸುವುದು ಕಷ್ಟವಲ್ಲ. ಅದನ್ನು ಹೇಡಿತನ ಅನ್ನುವುದೂ ಅನ್ಯಾಯ.

ಕೆಡವಿ ಅನ್ನುವವರ ಮಾತಲ್ಲೂ ಹುರುಳಿದೆ

ಮಾರುಕಟ್ಟೆಯನ್ನು ಪ್ರೀತಿಸುವವರು ಈ ವಾದವನ್ನು ಕೇಳಿಸಿಕೊಳ್ಳುವುದೇ ಇಲ್ಲ, ಹಾಗಾಗಿ ಹೇಳಲೇಬೇಕು. ಮುಂಜಾನೆ ಮೂಟೆ ಹೊರುವ ಹಮಾಲಿಗೆ ಇಲ್ಲಿ ಗಾಡಿ ನಿಲ್ಲಿಸಲು ಜಾಗ ಇಲ್ಲ. ದಿನವಿಡೀ ಹೂ ಕಟ್ಟುತ್ತಾ ಕೂರುವ ಹೆಂಗಸರಿಗೆ ಒಂದು ನೆಟ್ಟಗಿನ ಶೌಚಾಲಯ ಬೇಕು. ಇಕ್ಕಟ್ಟಿನ ಓಣಿಗೆ ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಒಳಗೆ ಬರುವುದು ಹೇಗೆ? ಬೆಂಗಳೂರಿನ ರಸೆಲ್ ಮಾರುಕಟ್ಟೆಗೆ 2012ರಲ್ಲಿ ಬೆಂಕಿ ಬಿದ್ದದ್ದು ಮರೆಯುವಂಥದ್ದಲ್ಲ. ನೂರು ವರ್ಷದ ಹಿಂದಿನ ಗೋಡೆಯಲ್ಲಿ ಇವತ್ತಿನ ಫ್ರಿಜ್ಜು, ಫ್ಯಾನು, ದೀಪಗಳ ವೈರು ಹರಿದಾಡುವುದೇ ಒಂದು ಅಪಾಯ. ಗಾಲಿಕುರ್ಚಿಯಲ್ಲಿ ಬರುವವರ ಕಥೆಯಂತೂ ಕೇಳುವುದೇ ಬೇಡ.

2022ರ ಅಕ್ಟೋಬರ್‌ನಲ್ಲಿ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆ ಕಟ್ಟಡದ ಒಂದು ಭಾಗ ಕುಸಿಯಿತು. ಮುಂಚೆಯೇ ಜನರನ್ನು ಹೊರಗೆ ಕಳಿಸಿದ್ದರಿಂದ ಜೀವ ಉಳಿಯಿತು. ಅಂಥದ್ದನ್ನು ಕಂಡ ಊರಿನಲ್ಲಿ, ಅಪಾಯ ಇದೆ, ಬೇಡ ಅನ್ನುವ ಮಾತನ್ನು ಸುಮ್ನೆ ಬಿಲ್ಡರ್‌ಗಳ ಪಿತೂರಿ ಅಂತ ತಳ್ಳಿಹಾಕಲು ಆಗುವುದಿಲ್ಲ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಶೌಚಾಲಯ, ವೈರಿಂಗ್, ಚರಂಡಿ, ಇಳಿಜಾರು, ಬೆಂಕಿ ಆರಿಸುವ ಪೈಪು, ಪಾರ್ಕಿಂಗ್. ಈ ಪಟ್ಟಿಯಲ್ಲಿ ಕಟ್ಟಡ ಕೆಡವಿದರೆ ಮಾತ್ರ ಸಿಗುವಂಥದ್ದು ಯಾವುದು? ಒಂದು ಇದೆ, ನೆಲಮಾಳಿಗೆ ಪಾರ್ಕಿಂಗ್. ಬಾಕಿ ಎಲ್ಲವೂ ಕಟ್ಟಡ ನಿಂತಿರುವಾಗಲೇ ಮಾಡುವಂಥವು.

ಅದೇ ಥರ ಅಂದರೆ ಎಷ್ಟು ಅದೇ ಥರ?

ಕೆಡವಿ ಕಟ್ಟುವುದನ್ನು ಸಮರ್ಥಿಸುವವರ ಬಳಿ ಒಂದು ಒಳ್ಳೆ ಉತ್ತರ ಇದೆ. ನಾವು ಜೀರ್ಣೋದ್ಧಾರದ ಜನ, ದೇವಸ್ಥಾನ ಬಿಚ್ಚಿ ಮತ್ತೆ ಕಟ್ಟುತ್ತೇವೆ, ಅದು ಅದೇ ದೇವಸ್ಥಾನ. ಹಳೆ ಕಲ್ಲೇ ಬೇಕು ಅನ್ನುವುದು ಯೂರೋಪಿನವರ ಹಟ. ಜಪಾನಿನ ಇಸೆ ದೇಗುಲವನ್ನು 20 ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ, ಕೊನೆಯ ಸಲ ಕಟ್ಟಿದ್ದು 2013ರಲ್ಲಿ. ಅದನ್ನು ಯಾರಾದರೂ ನಕಲಿ ಅಂತಾರಾ?

ಈ ಮಾತು ಪೂರ್ತಿ ಸರಿ. ಹಳೆ ಕಟ್ಟಡ ಉಳಿಸುವುದು ಹೇಗೆ ಅಂತ ತಜ್ಞರು ಮಾಡಿಕೊಂಡ 1964ರ ವೆನಿಸ್ ಸನ್ನದು ಮೂಲ ಸಾಮಗ್ರಿಗೆ ಬಹಳ ಬೆಲೆ ಕೊಟ್ಟಿತ್ತು. ಅದಕ್ಕೇ 1994ರಲ್ಲಿ ಜಪಾನಿನ ನಾರಾ ಊರಿನಲ್ಲಿ ಸೇರಿದ ತಜ್ಞರು, ಯಾವುದು ಅಸಲಿ ಅನ್ನುವುದನ್ನು ಆಯಾ ಸಂಸ್ಕೃತಿಯ ಒಳಗಿನಿಂದಲೇ ಅಳೆಯಬೇಕು ಅಂದರು. ನಮ್ಮ ಇನ್‌ಟ್ಯಾಕ್ 2004ರಲ್ಲಿ ಮಾಡಿಕೊಂಡ ಸನ್ನದು ಕೂಡ ಬದುಕಿರುವ ಕಸುಬಿಗೆ, ಕುಶಲಕರ್ಮಿಗಳ ಕೈಗೆ ಬೆಲೆ ಕೊಡುತ್ತದೆ.

ಸರಿ, ಹಾಗಾದರೆ ಇಸೆಯ ಅಳತೆಗೋಲನ್ನೇ ಇಟ್ಟು ನೋಡಿ. ಅಲ್ಲಿ ಮರ ಬದಲಾಗುತ್ತದೆ, ಆದರೆ ಮರವೇ ಇರುತ್ತದೆ. ಬಡಗಿ ಬದಲಾಗುತ್ತಾನೆ, ಆದರೆ ಹಿರಿಯ ಬಡಗಿಯ ಕೈಕೆಳಗೆ ಕಲಿತವನೇ ಬರುತ್ತಾನೆ. 20 ವರ್ಷಕ್ಕೊಮ್ಮೆ ಕಟ್ಟುವುದರಿಂದಲೇ ಆ ವಿದ್ಯೆ ಸಾಯುವುದಿಲ್ಲ. ದೇವರಾಜ ಮಾರುಕಟ್ಟೆಯನ್ನು ಕೆಡವಿ ಕಾಂಕ್ರೀಟ್ ಕಂಬ ನಿಲ್ಲಿಸಿ, ಮುಂದುಗಡೆ ಕಮಾನಿನ ಆಕಾರ ಕೊಟ್ಟು, ಹಳದಿ ಬಣ್ಣ ಬಳಿದರೆ ಅದರಲ್ಲಿ ಯಾವ ವಿದ್ಯೆ ಉಳಿಯಿತು? ಕಮಾನು ಅಲ್ಲಿ ಭಾರ ಹೊರುವುದೇ ಇಲ್ಲ, ಅಲಂಕಾರಕ್ಕೆ ನಿಂತಿರುತ್ತದೆ. ಅದನ್ನು ಜೀರ್ಣೋದ್ಧಾರ ಅನ್ನುವುದು, ಮೊಮ್ಮಗನಿಗೆ ತಾತನ ಪೇಟ ಇಟ್ಟು ತಾತ ಅಂದ ಹಾಗೆ. ನಿಜವಾಗಿ ಗಾರೆ, ಇಟ್ಟಿಗೆ, ಮದ್ರಾಸ್ ತಾರಸಿಯಲ್ಲೇ ಮತ್ತೆ ಕಟ್ಟುತ್ತೇವೆ ಅಂದರೆ ಮಾತು ಬೇರೆ, ಅದು ಗೌರವದ ದಾರಿಯೇ. ಆದರೆ ಆ ಗಾರೆ ಕೆಲಸದವರು ಸಿಗುತ್ತಾರೆ ಅಂತಾದರೆ, ಅವರಿಂದ ಈಗಿರುವುದನ್ನೇ ರಿಪೇರಿ ಮಾಡಿಸಬಹುದಲ್ವಾ?

ಮೈಸೂರಿನವರು ಇಲ್ಲಿ ಅರಮನೆಯ ಕಥೆ ತೆಗೆಯುತ್ತಾರೆ. ಹಳೆ ಮರದ ಅರಮನೆ 1897ರಲ್ಲಿ ಸುಟ್ಟು, 1912ಕ್ಕೆ ಈಗಿನದು ಎದ್ದಿತು. ಹೊಸದು ಕಟ್ಟಿದ್ದರಿಂದ ಏನು ಕಳೆದುಕೊಂಡೆವು ಅಂತ ಕೇಳುತ್ತಾರೆ. ಆದರೆ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅದನ್ನು ಹಳೆಯದರ ನಕಲು ಅಂತ ಕಟ್ಟಲಿಲ್ಲ, ತನ್ನ ಕಾಲದ ಕಟ್ಟಡ ಅಂತ ಕಟ್ಟಿದ. ಹಳೆಯದು ಬೆಂಕಿಗೆ ಹೋಯಿತು, ಯಾರೂ ಟೆಂಡರ್ ಕರೆದು ಕೆಡವಲಿಲ್ಲ.

ನನ್ನ ಲೆಕ್ಕದಲ್ಲಿ, ಪೂರ್ತಿ ಕೆಡವಿ ಹೊಸದು ಕಟ್ಟುವುದಾದರೆ ಹೊಸದು ಅಂತಲೇ ಒಪ್ಪಿಕೊಂಡು, ಒಳ್ಳೆ ವಾಸ್ತುಶಿಲ್ಪಿ ಕೈಲಿ ಇವತ್ತಿನ ಮಾರುಕಟ್ಟೆ ಕಟ್ಟಿಸಿ. ಕೆಡವಿಯೂ ಪಾರಂಪರಿಕ ಅನ್ನುವ ಬೋರ್ಡು ಹಾಕಿಕೊಳ್ಳುವುದು ಮಾತ್ರ ಎರಡೂ ಕಡೆ ನಷ್ಟದ ವ್ಯಾಪಾರ.

ಕಟ್ಟಡ ಉಳಿದು ಸಂತೆ ಹೋದರೆ

ಉಳಿಸಿ ಅನ್ನುವವರು ನೋಡಬೇಕಾದ ಒಂದು ಕಥೆಯೂ ಇದೆ. ಲಂಡನ್ನಿನ ಕೋವೆಂಟ್ ಗಾರ್ಡನ್ ಶತಮಾನಗಳ ಕಾಲ ಹಣ್ಣು, ತರಕಾರಿ, ಹೂವಿನ ಮಾರುಕಟ್ಟೆ ಆಗಿತ್ತು. 1974ರಲ್ಲಿ ವ್ಯಾಪಾರವನ್ನು ನೈನ್ ಎಲ್ಮ್ಸ್‌ಗೆ ಸಾಗಿಸಿದರು. ಸುತ್ತಲಿನದನ್ನೆಲ್ಲ ಕೆಡವುವ ಯೋಜನೆ ವಿರುದ್ಧ ಜನ ಹೋರಾಡಿ ಗೆದ್ದರು. 1980ರಲ್ಲಿ ಹಳೆ ಕಟ್ಟಡ ಚೆಂದವಾಗಿ ಮತ್ತೆ ತೆರೆಯಿತು. ಒಳಗೆ ಬಟ್ಟೆ ಅಂಗಡಿ, ಕಾಫಿ, ಪ್ರವಾಸಿಗರು. ಕಂಬಗಳೆಲ್ಲ ಹಾಗೇ ಇವೆ. ತರಕಾರಿ ಮಾರುವವರು ಮಾತ್ರ ಇಲ್ಲ.

ಪ್ಯಾರಿಸ್ಸಿನವರು ತಮ್ಮ ಲೆ ಆಲ್ ಮಾರುಕಟ್ಟೆಯ ಕಬ್ಬಿಣದ ಮಂಟಪಗಳನ್ನು 1971ರಲ್ಲಿ ಕೆಡವಿದರು, ಅಲ್ಲೂ ವ್ಯಾಪಾರಿಗಳು ಅದಕ್ಕೂ ಮುಂಚೆಯೇ ಊರಾಚೆ ಹೋಗಿದ್ದರು. ಒಬ್ಬರು ಉಳಿಸಿದರು, ಇನ್ನೊಬ್ಬರು ಕೆಡವಿದರು, ಸೊಪ್ಪು ಮಾರುವವನಿಗೆ ಎರಡೂ ಒಂದೇ ಆಯಿತು.

ದೇವರಾಜ ಮಾರುಕಟ್ಟೆಯ ಬಾಡಿಗೆದಾರರು ಕೆಡವುವುದನ್ನು ವಿರೋಧಿಸುವುದಕ್ಕೆ ಪರಂಪರೆಯ ಪ್ರೀತಿ ಒಂದೇ ಕಾರಣವಲ್ಲ. ಲ್ಯಾನ್ಸ್‌ಡೌನ್ ಕಟ್ಟಡದಿಂದ ಹೊರಗೆ ಹೋದವರಿಗೆ ಏನಾಯಿತು ಅಂತ ಅವರು ಎದುರಿಗೇ ನೋಡಿದ್ದಾರೆ. ತಾತ್ಕಾಲಿಕ ಅಂತ ಹೊರಗೆ ಹೋದರೆ ಗಿರಾಕಿ ಕೈಬಿಡುತ್ತದೆ, ಮರಳಿ ಬರುವಾಗ ಬಾಡಿಗೆ ಎಷ್ಟೋ, ಮಳಿಗೆ ಯಾರ ಹೆಸರಿಗೋ. ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಕೂರುವವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ.

ಹಾಗಂತ ಬೇರೆ ದಾರಿ ಇಲ್ಲವೇ ಇಲ್ಲ ಅಂತಲ್ಲ. ಹೈದರಾಬಾದಿನ ಮೊಅಜ್ಜಂ ಜಾಹಿ ಮಾರುಕಟ್ಟೆ 1935ರ ಕಲ್ಲಿನ ಕಟ್ಟಡ. ಅದೂ ಸೋರುತ್ತಿತ್ತು, ಗಿಡ ಬೆಳೆದಿತ್ತು, ಬೋರ್ಡುಗಳ ಹಿಂದೆ ಕಲ್ಲೇ ಕಾಣುತ್ತಿರಲಿಲ್ಲ. ಕೆಡವದೆ ದುರಸ್ತಿ ಮಾಡಿ 2020ರಲ್ಲಿ ಮತ್ತೆ ಊರಿಗೆ ಕೊಟ್ಟರು. ಗ್ರಾನೈಟ್ ಗೋಡೆಗೂ ಗಾರೆ ಇಟ್ಟಿಗೆಗೂ ವ್ಯತ್ಯಾಸ ಇದೆ, ಅಲ್ಲಿ ಆಗಿದ್ದೆಲ್ಲ ಇಲ್ಲೂ ಆಗುತ್ತದೆ ಅಂತ ಹೇಳಲಾಗದು. ಆದರೂ ಪಾಲಿಕೆ ಮನಸ್ಸು ಮಾಡಿದರೆ ಮಾರುಕಟ್ಟೆಯನ್ನು ಮಾರುಕಟ್ಟೆಯಾಗೇ ಉಳಿಸಬಹುದು ಅನ್ನುವುದಕ್ಕೆ ಅದೊಂದು ಹತ್ತಿರದ ಉದಾಹರಣೆ.

ಬಾಡಿಗೆ ಮತ್ತು ಟೆಂಡರ್

ಇಷ್ಟೆಲ್ಲ ಚರ್ಚೆಯಲ್ಲಿ ಯಾರೂ ಮುಟ್ಟದ ಬೇಸರದ ವಿಷಯ ಇದು, ಆದರೆ ಬೇರು ಇರುವುದು ಇಲ್ಲೇ. ದೇಶದ ಹಳೆ ಪಾಲಿಕೆ ಮಾರುಕಟ್ಟೆಗಳಲ್ಲಿ ಸಾಮಾನ್ಯವಾಗಿ ಬಾಡಿಗೆ ಬಹಳ ಹಳೆ ಕಾಲದ್ದು. ಎಷ್ಟೋ ಕಡೆ ಮೂಲ ಬಾಡಿಗೆದಾರ ಒಳಬಾಡಿಗೆಗೆ ಕೊಟ್ಟು, ಪಾಲಿಕೆಗೆ ಕಟ್ಟುವುದಕ್ಕಿಂತ ಹತ್ತಾರು ಪಟ್ಟು ಜಾಸ್ತಿ ತಾನು ಪಡೆಯುತ್ತಿರುತ್ತಾನೆ. ಬರುವ ಬಾಡಿಗೆಯಲ್ಲಿ ತಾರಸಿ ರಿಪೇರಿ ಆಗುವುದಿಲ್ಲ ಅಂತ ಪಾಲಿಕೆ. ರಿಪೇರಿಯೇ ಮಾಡದವರಿಗೆ ಬಾಡಿಗೆ ಯಾಕೆ ಜಾಸ್ತಿ ಕೊಡಬೇಕು ಅಂತ ವ್ಯಾಪಾರಿ. ಇಬ್ಬರೂ ಸರಿ, ತಾರಸಿ ಮಾತ್ರ ಸೋರುತ್ತಲೇ ಇರುತ್ತದೆ. ಹೀಗೆ ನಲವತ್ತು ವರ್ಷ ಹೋದಮೇಲೆ, ವರ್ಷಕ್ಕೆ ಕೆಲವು ಲಕ್ಷದಲ್ಲಿ ಮುಗಿಯುತ್ತಿದ್ದ ಕೆಲಸ ಕೋಟಿಗಟ್ಟಲೆ ರೂಪಾಯಿಯ ಯೋಜನೆಯಾಗಿ ಬಂದು ನಿಲ್ಲುತ್ತದೆ.

ಯೋಜನೆ ಬಂದರೆ ಟೆಂಡರ್. ಕಡಿಮೆ ದರ ಹಾಕಿದವನಿಗೆ ಕೆಲಸ. ರಸ್ತೆಗೆ ಡಾಂಬರು ಹಾಕುವುದಕ್ಕೆ ಈ ಪದ್ಧತಿ ಸರಿ ಇರಬಹುದು. ಆದರೆ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಅರೆದು, ಬಡಿದು ಮಾಡುವ ಕೆಲಸಕ್ಕೆ ಕಡಿಮೆ ದರದ ಪೈಪೋಟಿ ಇಟ್ಟರೆ, ಗಾರೆಗೆ ಸಿಮೆಂಟ್ ಬೆರೆಸುವವನೇ ಗೆಲ್ಲುತ್ತಾನೆ. ಕಂಟ್ರಾಕ್ಟರನ್ನು ಬೈದು ಪ್ರಯೋಜನ ಇಲ್ಲ, ಅವನಿಗೆ ಅಷ್ಟೇ ದುಡ್ಡು ಕೊಟ್ಟಿರುತ್ತಾರೆ.

ಒಮ್ಮೆ ರಿಪೇರಿ ಮಾಡಿದರೆ ಮುಗಿಯಿತು ಅನ್ನುವುದೂ ತಪ್ಪು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ ಅರಮನೆಯನ್ನು 2000ದ ದಶಕದಲ್ಲಿ ಇನ್ಫೋಸಿಸ್ ಫೌಂಡೇಷನ್ ನೆರವಿನಿಂದ ಚೆನ್ನಾಗಿಯೇ ದುರಸ್ತಿ ಮಾಡಿದ್ದರು. ಜಾನಪದ ವಸ್ತುಸಂಗ್ರಹಾಲಯ ಇರುವ ಕಟ್ಟಡ ಅದು. ಎರಡು ದಶಕ ಕಳೆಯುವುದರೊಳಗೆ ಮತ್ತೆ ಸೋರಿಕೆ, ಮತ್ತೆ ದುರಸ್ತಿಯ ಹುಡುಕಾಟ.

ಹಳೆ ಗೋಡೆ, ಹೊಸ ಬಳಕೆ

ಹಾಗಾದರೆ ಆಗುವ ಕೆಲಸ ಹೇಗಿರುತ್ತದೆ? ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ ನೋಡಿ. 2009ರಿಂದ ಅದು ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಹಳೆ ಬಂಗಲೆಯ ಕೋಣೆಗಳಲ್ಲೇ ಚಿತ್ರಗಳು. ಜಾಗ ಸಾಲದು ಅಂತ ಬಂಗಲೆಯ ಮೇಲೆ ಮಹಡಿ ಎತ್ತಲಿಲ್ಲ, ಪಕ್ಕದಲ್ಲಿ ಹೊಸ ಭಾಗ ಕಟ್ಟಿದರು. ಹೊಸದು ಹೊಸದಾಗೇ ಕಾಣುತ್ತದೆ, ಹಳೆಯದರ ವೇಷ ಹಾಕಿಲ್ಲ. 1980ರ ದಶಕದಲ್ಲಿ ಹೈಕೋರ್ಟ್ ಇರುವ ಅಠಾರ ಕಚೇರಿಯನ್ನೇ ಕೆಡವುವ ಮಾತು ಬಂದಿತ್ತು, ನ್ಯಾಯಾಲಯದ ಮೆಟ್ಟಿಲೇರಿ ಅದು ಉಳಿಯಿತು. ಹೆಚ್ಚಿನ ಜಾಗ ಹಿಂದುಗಡೆಯ ಹೊಸ ಕಟ್ಟಡಗಳಲ್ಲಿ ಸಿಕ್ಕಿತು. ಇವತ್ತು ಹೈಕೋರ್ಟ್ ಇಲ್ಲದ ಕಬ್ಬನ್ ಪಾರ್ಕನ್ನು ಊಹಿಸಿಕೊಳ್ಳುವುದೂ ಕಷ್ಟ.

ಇದೇ ಸೂತ್ರವನ್ನು ಮಾರುಕಟ್ಟೆಗೆ ಹಚ್ಚಿದರೆ ಕೆಲಸ ಹೀಗೆ ಸಾಗಬಹುದು. ಇಡೀ ಮೂರು ಎಕರೆಯನ್ನು ಒಮ್ಮೆಗೇ ಖಾಲಿ ಮಾಡಿಸದೆ ತುಂಡು ತುಂಡಾಗಿ ಕೈಗೆತ್ತಿಕೊಳ್ಳುವುದು. ಒಂದು ಸಾಲಿನ ವ್ಯಾಪಾರಿಗಳು ಪಕ್ಕದಲ್ಲೇ ತಾತ್ಕಾಲಿಕ ಮಳಿಗೆಗೆ ಹೋಗಿ, ತಮ್ಮ ಸಾಲು ಮುಗಿದ ಮೇಲೆ ಮರಳುವುದು. ಬಿದ್ದ ಭಾಗವನ್ನು ಗಾರೆಯಲ್ಲೇ ಕಟ್ಟಿ, ನಿಂತ ಭಾಗದ ತೊಲೆ ಬದಲಿಸುವುದು. ತುದಿ ಮಾತ್ರ ಕೊಳೆತ ತೊಲೆಗೆ ಆಸರೆಯಾಗಿ ಉಕ್ಕಿನ ಪಟ್ಟಿ ಕೊಡುವುದು. ವೈರು, ಪೈಪು ಯಾವುದನ್ನೂ ಗೋಡೆ ಕೊರೆದು ಹಾಕದೆ, ಬೇರೆ ಚೌಕಟ್ಟಿನ ಮೇಲೆ ಕಣ್ಣಿಗೆ ಕಾಣುವ ಹಾಗೆ ಓಡಿಸುವುದು, ರಿಪೇರಿಗೂ ಸುಲಭ. ಶೌಚಾಲಯ, ಕಸದ ಕೊಠಡಿ, ಗಾಡಿ ಇಳಿಸುವ ಜಾಗ ಇವಕ್ಕೆ ಹೊಸದಾಗಿ ಸಣ್ಣ ಕಟ್ಟಡ. ಪಾರ್ಕಿಂಗ್ ಮಾರುಕಟ್ಟೆಯ ಹೊಟ್ಟೆಯೊಳಗೆ ಬೇಡ. ಹತ್ತಿರದ ಪುರಭವನದ ಪಾರ್ಕಿಂಗ್ ಯೋಜನೆಯೇ ವರ್ಷಗಟ್ಟಲೆ ಕುಂಟುತ್ತಾ ಸಾಗಿದ್ದನ್ನು ಊರು ನೋಡಿದೆ.

ಇದು ಅಗ್ಗದ ದಾರಿಯಲ್ಲ. ನಿಧಾನ, ಕಿರಿಕಿರಿ, ಅರ್ಧ ಕೆಲಸ ಆದಾಗ ದುಡ್ಡು ಮುಗಿಯುವ ಭಯವೂ ಇದೆ. ರಿಬ್ಬನ್ ಕತ್ತರಿಸುವಂಥ ಒಂದು ದಿನವೂ ಇದರಲ್ಲಿ ಸಿಗುವುದಿಲ್ಲ. ರಾಜಕಾರಣಿಗಳಿಗೆ ಇದು ರುಚಿಸದಿರುವುದಕ್ಕೆ ಅದೂ ಒಂದು ಕಾರಣ ಇರಬಹುದು ಬಿಡಿ.

ಮುಂದಿನ ಸಲ ಸುದ್ದಿ ಬಂದಾಗ

ಇನ್ನೊಂದು ಸಲ ಈ ಮಾರುಕಟ್ಟೆಯ ಹೆಸರು ಪತ್ರಿಕೆಯಲ್ಲಿ ಕಂಡಾಗ, ಕೆಡವುತ್ತಾರಾ ಉಳಿಸುತ್ತಾರಾ ಅನ್ನುವ ತಲೆಬರಹವನ್ನು ದಾಟಿ ಕೆಳಗಿನ ಸಾಲುಗಳನ್ನು ನೋಡಿ. ಪಾರಂಪರಿಕ ಶೈಲಿ ಅಂತ ಇದ್ದರೆ, ಶೈಲಿ ಮಾತ್ರವೋ ಗಾರೆ ಇಟ್ಟಿಗೆಯ ಕಟ್ಟಡವೇನಾ ಅಂತ ನಕ್ಷೆಯಲ್ಲಿ ಬರೆದಿದೆಯಾ? ಈಗಿರುವ ಕಟ್ಟಡದ ಪ್ರತಿ ಕಮಾನು, ಪ್ರತಿ ಬಾಗಿಲ ಅಳತೆ ತೆಗೆದು ದಾಖಲೆ ಇಟ್ಟಿದ್ದಾರಾ? ಅದಿಲ್ಲದೆ ಅದೇ ಥರ ಕಟ್ಟುವುದು ಹೇಗೆ? ಹೊರಗೆ ಹೋಗುವ ವ್ಯಾಪಾರಿಯ ಕೈಯಲ್ಲಿ ಮರಳಿ ಬರುವ ತಾರೀಖು, ಬಾಡಿಗೆ, ಮಳಿಗೆ ನಂಬರ್ ಇರುವ ಕಾಗದ ಇದೆಯಾ, ಅಥವಾ ಬಾಯಿಮಾತಾ? ಟೆಂಡರಿನಲ್ಲಿ ಗಾರೆ ಕೆಲಸ ಮಾಡಿದ ಅನುಭವ ಕೇಳಿದ್ದಾರಾ?

ಕೊನೆಗೆ, ಯೋಜನಾ ವೆಚ್ಚದ ದೊಡ್ಡ ಅಂಕಿಯ ಪಕ್ಕದಲ್ಲಿ ವರ್ಷ ವರ್ಷದ ನಿರ್ವಹಣೆಗೆ ಅಂತ ಒಂದು ಸಣ್ಣ ಅಂಕಿ ಇದೆಯಾ ಹುಡುಕಿ. ಕಾಂಕ್ರೀಟಿನದೋ ಗಾರೆಯದೋ, ಪ್ರತಿ ವರ್ಷ ಮುಂಗಾರಿಗೆ ಮುಂಚೆ ಒಬ್ಬರು ಏಣಿ ಹಾಕಿ ತಾರಸಿಗೆ ಹತ್ತಿ, ತೂಬಿಗೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲವನ್ನು ತೆಗೆಯಲೇಬೇಕು. ಅವರಿಗೆ ಸಂಬಳ ಕೊಡುವುದು ಯಾರು ಅಂತ ಆ ಅಂಕಿಯಲ್ಲಿ ಬರೆದಿರುತ್ತದೆ.